ಹುದುಗಿಲ್ಲದ ರೊಟ್ಟಿ ಉಬ್ಬುವುದೇಕೆ?

ಉತ್ತರ ಕರ್ನಾಟಕದ ಹಳ್ಳಿಗಳಲ್ಲಿ ಅಡುಗೆಯ ಹೊತ್ತಿಗೆ ಬೀದಿಯಲ್ಲಿ ನಡೆದುಹೋಗುವವರಿಗೆ ಮನೆಯೊಳಗಿನಿಂದ ತಾಳ ತಪ್ಪದ ಒಂದು ಸದ್ದು ಕೇಳಿಬರುವುದುಂಟು. ಅದು ಜೋಳದ ರೊಟ್ಟಿಯನ್ನು ಬಡಿಯುವ ಸದ್ದು. ಆ ರೊಟ್ಟಿಗೆ ಹುದುಗು ಬೇಕಿಲ್ಲ, ಸೋಡಾ ಬೇಕಿಲ್ಲ, ಎಣ್ಣೆಯೂ ಬೇಕಿಲ್ಲ. ಹಿಟ್ಟು, ನೀರು, ಬೆಂಕಿ ಇವು ಮೂರೇ ಸಾಮಗ್ರಿಗಳು. ಹೀಗಿದ್ದರೂ ನುರಿತ ಕೈಯಲ್ಲಿ ತಯಾರಾದ ರೊಟ್ಟಿಯು ಹಂಚಿನ ಮೇಲೆ ಬಿದ್ದ ಸ್ವಲ್ಪ ಹೊತ್ತಿನಲ್ಲಿಯೇ ಪೂರಿಯಂತೆ ಉಬ್ಬಿ ನಿಲ್ಲುತ್ತದೆ. ಅದೇ ಹಿಟ್ಟನ್ನು ಹೊಸಬರು ಹಿಡಿದರೆ ಅಂಚೆಲ್ಲ ಸೀಳುತ್ತದೆ. ಹಂಚಿಗೆ ಎತ್ತಿಹಾಕುವ ಮೊದಲೇ ರೊಟ್ಟಿ ಎರಡು ಹೋಳಾಗುತ್ತದೆ.

ಇದನ್ನು ಜನರು ಕೈಗುಣವೆಂದು ಕರೆಯುತ್ತಾರೆ. ಆ ಮಾತು ಸುಳ್ಳಲ್ಲ. ಆದರೆ ಕೈಯು ಮಾಡುವ ಒಂದೊಂದು ಕೆಲಸಕ್ಕೂ ಒಂದೊಂದು ಕಾರಣವಿದೆ. ಆ ಕಾರಣಗಳನ್ನು ಅರಿತವನಿಗೆ ಕೈಗುಣವು ಬೇಗ ಒದಗುವುದರಲ್ಲಿ ಸಂದೇಹವಿಲ್ಲ. ಅವುಗಳನ್ನು ಒಂದೊಂದಾಗಿ ವಿಚಾರಿಸೋಣ.

ಎರಡು ಬಗೆಯ ರೊಟ್ಟಿಗಳು

ಅಂಗಡಿಯಲ್ಲಿ ದೊರೆಯುವ ಬ್ರೆಡ್ಡನ್ನು ಕತ್ತರಿಸಿ ನೋಡಿದರೆ ಸ್ಪಂಜಿನಂತೆ ಅಸಂಖ್ಯ ರಂಧ್ರಗಳು ಕಾಣುತ್ತವೆ. ಇವು ಯೀಸ್ಟ್ ಎಂಬ ಸೂಕ್ಷ್ಮಜೀವಿಯ ಕೆಲಸ. ಅದು ಹಿಟ್ಟಿನಲ್ಲಿರುವ ಸಕ್ಕರೆಯನ್ನು ತಿಂದು ಇಂಗಾಲದ ಡೈ ಆಕ್ಸೈಡ್ ಅನಿಲವನ್ನು ಹೊರಬಿಡುತ್ತದೆ. ಅನಿಲವು ಹಿಟ್ಟಿನಲ್ಲಿ ಸಿಕ್ಕಿಕೊಂಡು ಗುಳ್ಳೆಗಳಾಗುತ್ತದೆ. ಇದಕ್ಕೆ ಗಂಟೆಗಟ್ಟಲೆ ಕಾಲ ಬೇಕು. ಚಪಾತಿ, ಜೋಳದ ರೊಟ್ಟಿ, ಅಕ್ಕಿರೊಟ್ಟಿ, ಮೆಕ್ಸಿಕೋ ದೇಶದವರು ಮೆಕ್ಕೆಜೋಳದಿಂದ ಮಾಡುವ ಟೊರ್ಟಿಯಾ, ಯೆಹೂದ್ಯರು ತಮ್ಮ ಹಬ್ಬದಲ್ಲಿ ತಿನ್ನುವ ಮಾತ್ಸಾ ಇವೆಲ್ಲ ಇನ್ನೊಂದು ಬಗೆಯವು. ಇವುಗಳಲ್ಲಿ ಸೂಕ್ಷ್ಮಜೀವಿಯ ನೆರವಿಲ್ಲ.

ಈ ಎರಡನೆಯ ಬಗೆ ಬಹಳ ಪ್ರಾಚೀನವಾದುದು. ಜೋರ್ಡಾನ್ ದೇಶದ ಈಶಾನ್ಯ ಭಾಗದಲ್ಲಿರುವ ಶುಬೈಕಾ ಎಂಬ ನೆಲೆಯ ಒಲೆಗಳಲ್ಲಿ ದೊರೆತ ಕರಕಲು ಚೂರುಗಳನ್ನು ವಿದ್ವಾಂಸರು ಪರೀಕ್ಷಿಸಿ, ಅವು ಚಪ್ಪಟೆ ರೊಟ್ಟಿಯ ಅವಶೇಷಗಳೆಂದು 2018ರಲ್ಲಿ ಪ್ರಕಟಿಸಿದರು. ಅವುಗಳ ವಯಸ್ಸು ಸುಮಾರು 14,400 ವರ್ಷ. ಎಂದರೆ, ಆ ಪ್ರದೇಶದಲ್ಲಿ ಬೇಸಾಯ ನೆಲೆಗೊಳ್ಳುವುದಕ್ಕೆ ಸಾವಿರಾರು ವರ್ಷ ಮೊದಲೇ ಮನುಷ್ಯನು ಕಾಡಿನ ಧಾನ್ಯವನ್ನೂ ಗೆಡ್ಡೆಯನ್ನೂ ಕುಟ್ಟಿ ರೊಟ್ಟಿ ಸುಟ್ಟು ತಿನ್ನುತ್ತಿದ್ದನು.

ಗೋಧಿಯ ಅಂಟು

ಜೋಳದ ಕಷ್ಟ ಅರ್ಥವಾಗಬೇಕಾದರೆ ಮೊದಲು ಗೋಧಿಯ ಸೌಕರ್ಯವನ್ನು ತಿಳಿಯಬೇಕು. ಇದಕ್ಕೆ ಮನೆಯಲ್ಲಿಯೇ ಮಾಡಬಹುದಾದ ಒಂದು ಪ್ರಯೋಗವಿದೆ.

50 ಗ್ರಾಂ ಮೈದಾಹಿಟ್ಟನ್ನು ನೀರಿನಲ್ಲಿ ಗಟ್ಟಿಯಾಗಿ ಕಲಸಿ, ಚೆನ್ನಾಗಿ ನಾದಿ, ಅರ್ಧ ಗಂಟೆ ನೀರಿನಲ್ಲಿ ಮುಳುಗಿಸಿಡಿ. ಅನಂತರ ಪಾತ್ರೆಯ ನೀರಿನೊಳಗೇ ಅದನ್ನು ಮೆಲ್ಲಗೆ ಹಿಸುಕುತ್ತಾ ಹೋಗಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ಈ ನೀರಿಗೆ ಒಂದು ತೊಟ್ಟು ಟಿಂಚರ್ ಅಯೋಡಿನ್ ಹಾಕಿದರೆ ಕಡು ನೀಲಿಬಣ್ಣ ಬರುವುದು. ಇದು ಪಿಷ್ಟದ ಗುರುತು. ನೀರನ್ನು ಬದಲಾಯಿಸುತ್ತಾ, ಅದು ತಿಳಿಯಾಗುವವರೆಗೂ ತೊಳೆದರೆ ಕೈಯಲ್ಲಿ ಹತ್ತು ಹದಿನೈದು ಗ್ರಾಂ ತೂಕದ ಒಂದು ಬೂದುಬಣ್ಣದ ಮುದ್ದೆ ಉಳಿಯುತ್ತದೆ. ಎಳೆದರೆ ರಬ್ಬರಿನಂತೆ ಹಿಗ್ಗುವುದು, ಬಿಟ್ಟರೆ ಕುಗ್ಗುವುದು. ಇದೇ ಗೋಧಿಯ ಅಂಟು, ಅಥವಾ ಗ್ಲೂಟೆನ್.

ಇಟಲಿಯ ಬೊಲೋನ್ಯಾ ನಗರದ ಬೆಕ್ಕಾರಿ ಎಂಬ ವಿದ್ವಾಂಸನು ಹೀಗೆಯೇ ಹಿಟ್ಟನ್ನು ತೊಳೆದು ಅಂಟನ್ನು ಬೇರ್ಪಡಿಸಿದ ವೃತ್ತಾಂತವು 1745ರಲ್ಲಿ ಅಚ್ಚಾಯಿತು. ಮುಂದೆ ಅಮೆರಿಕದ ಆಸ್ಬರ್ನ್ ಎಂಬ ರಸಾಯನಶಾಸ್ತ್ರಜ್ಞನು ಈ ಅಂಟಿನಲ್ಲಿ ಗ್ಲಯಡಿನ್ ಮತ್ತು ಗ್ಲೂಟೆನಿನ್ ಎಂಬ ಎರಡು ಬಗೆಯ ಸಸಾರಜನಕ, ಅಂದರೆ ಪ್ರೋಟೀನು, ಮುಖ್ಯವಾಗಿರುವುದನ್ನು ವಿವರಿಸಿದನು. ಮೊದಲನೆಯದು ಹಿಟ್ಟಿಗೆ ಹಿಗ್ಗುವ ಗುಣವನ್ನು ಕೊಡುತ್ತದೆ. ಎರಡನೆಯದು ಹಿಗ್ಗಿದ್ದನ್ನು ಮರಳಿ ಎಳೆಯುವ ಬಿಗುವನ್ನು ಕೊಡುತ್ತದೆ. ನೀರು ತಗುಲಿ ನಾದಿದಾಗ ಇವು ಹೆಣೆದುಕೊಂಡು ಒಂದು ಬಲೆಯಾಗುತ್ತವೆ. ಪಿಷ್ಟದ ಕಣಗಳು ಆ ಬಲೆಯಲ್ಲಿ ಸಿಕ್ಕಿಕೊಂಡಿರುತ್ತವೆ. ಆದುದರಿಂದಲೇ ಚಪಾತಿಯನ್ನು ಎಷ್ಟು ತೆಳ್ಳಗೆ ಲಟ್ಟಿಸಿದರೂ ಅದು ಹರಿಯುವುದಿಲ್ಲ.

ಈಗ ಗೋಧಿಯ ಬದಲು ಜೋಳದ ಹಿಟ್ಟನ್ನು ತಣ್ಣೀರಿನಲ್ಲಿ ಕಲಸಿ ಹೀಗೆಯೇ ತೊಳೆದು ನೋಡಿ. ಮುದ್ದೆ ಪೂರ್ತಿ ಕರಗಿಹೋಗಿ ಕೈ ಬರಿದಾಗುತ್ತದೆ. ಜೋಳದಲ್ಲಿ ಸಸಾರಜನಕವಿಲ್ಲವೆಂದು ಇದರ ಅರ್ಥವಲ್ಲ. ನೂರು ಗ್ರಾಂ ಜೋಳದಲ್ಲಿ ಸುಮಾರು ಹತ್ತು ಗ್ರಾಂ ಸಸಾರಜನಕವಿದೆ. ಆದರೆ ಅದರಲ್ಲಿ ಬಹುಪಾಲಾದ ಕಾಫಿರಿನ್ ಎಂಬುದು ನೀರಿಗೆ ಒಗ್ಗುವಂಥದಲ್ಲ. ಚಿಕ್ಕ ಚಿಕ್ಕ ಕಣಗಳಲ್ಲಿ ಬಿಗಿಯಾಗಿ ಅಡಗಿರುತ್ತದೆ. ಎಷ್ಟು ನಾದಿದರೂ ಅದು ಬಲೆಯಾಗದು.

ಎಸರಿನ ಮಹಿಮೆ

ಹಾಗಾದರೆ ಜೋಳದ ರೊಟ್ಟಿಯನ್ನು ಹಿಡಿದಿಡುವುದು ಯಾವುದು? ಸಸಾರಜನಕ ಕೈಬಿಟ್ಟ ಕೆಲಸವನ್ನು ಪಿಷ್ಟವು ವಹಿಸಿಕೊಳ್ಳುತ್ತದೆ.

ಪಿಷ್ಟದ ಕಣವು ತಣ್ಣೀರಿನಲ್ಲಿ ಹೆಚ್ಚೇನೂ ಬದಲಾಗುವುದಿಲ್ಲ. ನೀರು ಕಾದಂತೆ ಅದು ನೀರನ್ನು ಹೀರಿ ಊದಿಕೊಂಡು, ಒಳಗಿನ ಕಟ್ಟು ಸಡಿಲವಾಗಿ, ಗಂಜಿಯಂತಾಗುತ್ತದೆ. ಕಾಗದ ಅಂಟಿಸಲು ಮೈದಾಹಿಟ್ಟನ್ನು ಕುದಿಸಿ ಸರಿ ಕಾಯಿಸುವವರೆಲ್ಲರೂ ಈ ಮಾರ್ಪಾಡನ್ನು ಕಂಡಿದ್ದಾರೆ. ಗೋಧಿಯ ಪಿಷ್ಟಕ್ಕೆ ಇದು ಸುಮಾರು 60 ಡಿಗ್ರಿ ಸೆಂಟಿಗ್ರೇಡಿನ ಆಸುಪಾಸಿನಲ್ಲಿ ಆಗುವುದು. ಜೋಳದ ಪಿಷ್ಟಕ್ಕಾದರೋ ಸುಮಾರು 70 ಡಿಗ್ರಿಯ ಮೇಲಿನ ಶಾಖ ಬೇಕು. ಉಗುರುಬೆಚ್ಚಗಿನ ನೀರು ಇಲ್ಲಿ ನಿಷ್ಪ್ರಯೋಜಕ. ಕುದಿಯುವ ಎಸರೇ ಬೇಕು. ಹಿಟ್ಟು ತಣ್ಣಗಿರುವುದರಿಂದ, ಕುದಿಯುವ ನೀರು ಸೇರಿದರೂ ಮಿಶ್ರಣದ ಶಾಖ ಥಟ್ಟನೆ ಇಳಿದುಬಿಡುತ್ತದೆ. ಎಸರು ಹಾಕಿದ ಕೂಡಲೇ ಕಲಸಿ ಮುಚ್ಚಿಡುವುದು ಆ ಶಾಖವನ್ನು ಉಳಿಸಿಕೊಳ್ಳುವುದಕ್ಕಾಗಿಯೇ.

ಹೀಗೆ ಹಿಟ್ಟಿನ ಒಂದು ಪಾಲು ಗಂಜಿಯಾಗಿ ಮಿಕ್ಕ ಪಾಲನ್ನು ಅಂಟಿಸಿ ಹಿಡಿಯುತ್ತದೆ. ಇದನ್ನೇ ಹಿಟ್ಟಿಗೆ ಜಿಗಿ ಬಂದಿತೆನ್ನುವುದು. ಆದರೆ ಈ ಗಂಜಿಯ ಅಂಟು ಗ್ಲೂಟೆನ್ನಿನಂತೆ ರಬ್ಬರಲ್ಲ. ಅದು ಒತ್ತಿದರೆ ಹರಡೀತು, ಎಳೆದರೆ ಹರಿದೀತು. ಆದುದರಿಂದ ಜೋಳದ ರೊಟ್ಟಿಯನ್ನು ಎಳೆದು ಹಿಗ್ಗಿಸದೆ, ಅಂಗೈಯಿಂದ ಮೇಲಿನಿಂದ ತಟ್ಟುತ್ತಾ, ಸುತ್ತಿಸುತ್ತಾ ಹರಡುವ ಪದ್ಧತಿ ಬಂದಿದೆ.

ಮಾಡುವ ಕ್ರಮ

ಎರಡು ಬಟ್ಟಲು ಬಿಳಿಜೋಳದ ಹೊಸ ಹಿಟ್ಟಿಗೆ ಸುಮಾರು ಒಂದೂವರೆ ಬಟ್ಟಲು ನೀರು ಬೇಕಾದೀತು. ಹಿಟ್ಟು ಹೊಸದಾಗಿರುವುದು ಮುಖ್ಯ. ಜೋಳದ ಮೊಳಕೆಯ ಭಾಗದಲ್ಲಿ ಎಣ್ಣೆಯ ಅಂಶವಿರುವುದರಿಂದ ಬೀಸಿದ ಹಿಟ್ಟು ಬಹುದಿನ ಇಟ್ಟರೆ ಕಮಟುಹಿಡಿಯುತ್ತದೆ.

ನೀರಿಗೆ ಚಿಟಿಕೆ ಉಪ್ಪು ಹಾಕಿ ಕುದಿಸಿ. ಅಗಲ ಪಾತ್ರೆಯಲ್ಲಿ ಹಿಟ್ಟನ್ನು ಹಾಕಿ ನಡುವೆ ಗುಣಿ ಮಾಡಿ, ಮುಕ್ಕಾಲು ಪಾಲು ಎಸರನ್ನು ಅದರಲ್ಲಿ ಸುರಿದು, ಸೌಟಿನ ಹಿಡಿಯಿಂದ ಕಲಸಿ, ಐದು ನಿಮಿಷ ಮುಚ್ಚಿಡಿ. ಕೈ ತಾಳುವಷ್ಟು ಬಿಸಿ ಉಳಿದಾಗ, ಬೇಕಾದಷ್ಟು ನೀರನ್ನು ಚಿಮುಕಿಸುತ್ತಾ ಅಂಗೈಯ ಬುಡದಿಂದ ಒತ್ತಿ ಒತ್ತಿ ನಾದಿರಿ. ಇಲ್ಲಿ ನಾದುವುದರ ಉದ್ದೇಶ ಗಂಜಿಯಾದ ಪಾಲನ್ನು ಎಲ್ಲ ಕಣಗಳಿಗೂ ಸಮನಾಗಿ ಸವರುವುದು. ಒಂದು ಚೂರನ್ನು ಬೆರಳಿನಿಂದ ಒತ್ತಿ ನೋಡಿ: ಅಂಚು ಸೀಳಿದರೆ ನಾದುವುದು ಸಾಲದು, ಇಲ್ಲವೆ ನೀರು ಸಾಲದು.

ಕಿತ್ತಳೆ ಗಾತ್ರದ ಉಂಡೆಯನ್ನು ಒಣಹಿಟ್ಟಿನ ಮೇಲಿಟ್ಟು, ಮೊದಲು ಅಂಚನ್ನು ಒತ್ತಿ, ಅನಂತರ ತಟ್ಟಿ ಹರಡಿ. ರೊಟ್ಟಿ ಎಲ್ಲ ಕಡೆಯೂ ಒಂದೇ ದಪ್ಪವಾಗಿರಲಿ. ಚೆನ್ನಾಗಿ ಕಾದ ಹಂಚಿನ ಮೇಲೆ ಒಣಹಿಟ್ಟಿನ ಮಗ್ಗುಲು ಮೇಲಾಗುವಂತೆ ಹಾಕಿ, ಒದ್ದೆಬಟ್ಟೆಯಿಂದ ಮೇಲೆಲ್ಲ ನೀರು ಸವರಿ. ನೀರು ಆರುತ್ತಿದ್ದಂತೆ ತಿರುವಿ ಹಾಕಿ. ಎರಡನೆಯ ಮಗ್ಗುಲು ಬೆಂದ ಮೇಲೆ ಕೆಂಡದ ಮೇಲೆ ಅಥವಾ ಉರಿಯ ಮೇಲೆ ಹಿಡಿದರೆ ರೊಟ್ಟಿ ಉಬ್ಬುವುದು.

ಉಬ್ಬುವ ರಹಸ್ಯ

ಉಬ್ಬಿಸುವ ಅನಿಲ ಎಲ್ಲಿಂದ ಬಂದಿತು? ಹೊರಗಿನಿಂದಲ್ಲ, ರೊಟ್ಟಿಯಲ್ಲಿರುವ ನೀರೇ ಹಬೆಯಾಗಿ ಅದನ್ನು ಎತ್ತುತ್ತದೆ. 1 ಗ್ರಾಂ ನೀರು 100 ಡಿಗ್ರಿಯಲ್ಲಿ ಹಬೆಯಾದರೆ ಸುಮಾರು 1,700 ಘನ ಸೆಂಟಿಮೀಟರು ಸ್ಥಳವನ್ನು ಆಕ್ರಮಿಸುತ್ತದೆ. ಇದನ್ನು ಒಂದು ಲೆಕ್ಕದಿಂದ ನೋಡೋಣ. 16 ಸೆಂಟಿಮೀಟರು ಅಗಲದ ಒಂದು ಫುಲ್ಕ ಉಬ್ಬಿ ನಡುವೆ 6 ಸೆಂಟಿಮೀಟರು ಎತ್ತರವಾಯಿತೆನ್ನಿ. ಅದರ ಒಳಗಿನ ಅವಕಾಶ ಸುಮಾರು 630 ಘನ ಸೆಂಟಿಮೀಟರು. ಇದನ್ನು ತುಂಬಲು 0.4 ಗ್ರಾಂ ನೀರೂ ಬೇಕಿಲ್ಲ! ನಲವತ್ತು ಗ್ರಾಂ ತೂಕದ ಹಿಟ್ಟಿನ ಉಂಡೆಯಲ್ಲಿ ನಾವು ಬೆರೆಸಿದ ನೀರೇ ಸುಮಾರು 15 ಗ್ರಾಂ ಇರುತ್ತದೆ. ಆದುದರಿಂದ ಹಬೆಗೆ ಕೊರತೆಯಿಲ್ಲ. ಕೊರತೆಯೇನಾದರೂ ಇದ್ದರೆ ಅದನ್ನು ಹಿಡಿದಿಡುವುದರಲ್ಲಿ ಮಾತ್ರ.

ಹಂಚಿಗೆ ತಾಗಿದ ಮಗ್ಗುಲು ಮೊದಲು ಬೆಂದು ಗಟ್ಟಿ ಪದರವಾಗುತ್ತದೆ. ತಿರುವಿದಾಗ ಇನ್ನೊಂದು ಮಗ್ಗುಲೂ ಹಾಗೆಯೇ ಆಗುತ್ತದೆ. ಇವೆರಡರ ನಡುವೆ ಮೆತ್ತಗಿನ, ತೇವದ ಭಾಗ ಉಳಿಯುತ್ತದೆ. ಅಲ್ಲಿ ಹುಟ್ಟಿದ ಹಬೆಗೆ ಹೊರಹೋಗಲು ದಾರಿಯಿಲ್ಲದೆ ಅದು ಪದರಗಳನ್ನು ಒಂದರಿಂದೊಂದು ಬೇರ್ಪಡಿಸುತ್ತದೆ. ಎಲ್ಲಿಯಾದರೂ ಒಂದು ಸೀಳಿದ್ದರೆ ಹಬೆ ಅಲ್ಲಿಯೇ ನುಸುಳಿಹೋಗುತ್ತದೆ, ರೊಟ್ಟಿ ಏಳುವುದಿಲ್ಲ. ಒದ್ದೆಬಟ್ಟೆಯ ಕೆಲಸವೇನೆಂಬುದು ಈಗ ಸ್ಪಷ್ಟವಾಯಿತು. ಮೇಲಿನ ಒಣಹಿಟ್ಟು ನೀರು ಹೀರಿ, ಶಾಖಕ್ಕೆ ಗಂಜಿಯಾಗಿ, ಸಣ್ಣ ಸೀಳುಗಳನ್ನು ಮುಚ್ಚುತ್ತದೆ. ಹಂಚು ಸಾಕಷ್ಟು ಕಾಯದಿದ್ದರೆ ಪದರ ಕಟ್ಟುವ ಮೊದಲೇ ನೀರು ಆರಿಹೋಗಿ ರೊಟ್ಟಿ ಹಪ್ಪಳದಂತಾಗುವುದು. ಪದರ ಒಣಗಿದ ಕಡೆಗಳಲ್ಲಿ ಶಾಖವು ನೂರು ಡಿಗ್ರಿಯನ್ನು ಮೀರಿ ಏರುವುದರಿಂದ ಕಂದುಬಣ್ಣದ ಚುಕ್ಕೆಗಳೂ ಒಳ್ಳೆಯ ಪರಿಮಳವೂ ಬರುತ್ತವೆ. ಫ್ರಾನ್ಸಿನ ಮೈಯಾರ್ ಎಂಬುವನು 1912ರಲ್ಲಿ ವರ್ಣಿಸಿದ, ಸಕ್ಕರೆಗೂ ಸಸಾರಜನಕದ ಅಂಶಗಳಿಗೂ ನಡೆಯುವ ರಾಸಾಯನಿಕ ಕ್ರಿಯೆಯೇ ಇದಕ್ಕೆ ಕಾರಣ.

ಆರಿದ ರೊಟ್ಟಿ, ಕಡಕ್ ರೊಟ್ಟಿ

ಬಿಸಿಯಾಗಿದ್ದಾಗ ಮೆತ್ತಗಿದ್ದ ರೊಟ್ಟಿ ಸಂಜೆಯ ಹೊತ್ತಿಗೆ ಬಿರುಸಾಗುವುದು ನೀರು ಆರಿದ್ದರಿಂದ ಮಾತ್ರವಲ್ಲ. ಗಂಜಿಯಾಗಿ ಸಡಿಲಗೊಂಡ ಪಿಷ್ಟದ ಅಣುಗಳು ತಣ್ಣಗಾದಂತೆ ಮತ್ತೆ ಸಾಲುಗೂಡಿ ಬಿಗಿದುಕೊಳ್ಳುತ್ತವೆ. ಅದನ್ನು ಬಟ್ಟೆಯಲ್ಲಿ ಸುತ್ತಿ ಹಬೆಯಲ್ಲಿ ಬಿಸಿಮಾಡಿದರೆ ಆ ಬಿಗುವು ಬಹುಮಟ್ಟಿಗೆ ಸಡಿಲವಾಗುತ್ತದೆ. ನಮ್ಮ ಜನರು ಈ ದೋಷವನ್ನೇ ಗುಣವಾಗಿ ಮಾಡಿಕೊಂಡಿದ್ದಾರೆ. ರೊಟ್ಟಿಯನ್ನು ತೆಳ್ಳಗೆ ಬಡಿದು, ನೀರಿನ ಪಸೆಯಿಲ್ಲದಂತೆ ಒಣಗಿಸಿದರೆ ಅದು ಕಡಕ್ ರೊಟ್ಟಿ. ನೀರಿಲ್ಲದ ಕಡೆ ಬೂಷ್ಟು ಬೆಳೆಯದು. ಆದುದರಿಂದ ಅದು ವಾರಗಟ್ಟಲೆ ಕೆಡದೆ, ಪ್ರಯಾಣದ ಬುತ್ತಿಯಾಗಿ ಒದಗುತ್ತದೆ.

ಈ ವಿದ್ಯೆಯ ಬೆಲೆ

ಅಂಟಿಲ್ಲದಿರುವುದು ಜೋಳದ ಕೊರತೆಯೆಂದು ಇಷ್ಟು ಹೊತ್ತು ಹೇಳಿದೆವು. ಕೆಲವರ ಪಾಲಿಗೆ ಅದೇ ಪ್ರಾಣರಕ್ಷಕ. ಸೀಲಿಯಾಕ್ ಎಂಬ ರೋಗವುಳ್ಳವರಿಗೆ ಗ್ಲೂಟೆನ್ನು ಕರುಳಿನ ಒಳಪದರವನ್ನೇ ಕೆಡಿಸುತ್ತದೆ. ಅಂತಹ ಮಕ್ಕಳು ಎಷ್ಟು ಉಂಡರೂ ಕೃಶರಾಗುತ್ತಾ ಹೋಗುತ್ತಾರೆ. ಗೋಧಿಯನ್ನು ಬಿಡಿಸಿದರೆ ಈ ಮಕ್ಕಳು ಚೇತರಿಸಿಕೊಳ್ಳುವರೆಂಬುದನ್ನು ಹಾಲೆಂಡಿನ ಮಕ್ಕಳ ವೈದ್ಯ ಡಿಕೆ ಎಂಬುವರು 1950ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು. ಜೋಳದ ರೊಟ್ಟಿ ಇಂಥವರಿಗೆ ತಕ್ಕ ಆಹಾರ. ಆದರೆ ಗೋಧಿ ಬೀಸಿದ ಗಿರಣಿಯಲ್ಲಿಯೇ ಜೋಳವನ್ನು ಬೀಸಿದರೆ ಅಂಟಿನ ಅಂಶ ಹಿಟ್ಟಿನಲ್ಲಿ ಬೆರೆತುಬಿಡುತ್ತದೆಂಬ ಎಚ್ಚರ ಇರಬೇಕು.

ಇನ್ನೊಂದು ಮಾತು. ಜೋಳದ ಸಸಾರಜನಕದಲ್ಲಿ ಲೈಸಿನ್ ಎಂಬ ಅವಶ್ಯಕ ಅಂಶ ಕಡಿಮೆ. ತೊಗರಿ, ಹೆಸರು, ಮಡಕೆ ಮುಂತಾದ ಕಾಳುಗಳಲ್ಲಿ ಅದು ಸಮೃದ್ಧವಾಗಿದೆ. ರೊಟ್ಟಿಯ ಜೊತೆಗೆ ಕಾಳಿನ ಪಲ್ಯವನ್ನು ಬಡಿಸುವ ರೂಢಿಯು ಈ ಕೊರತೆಯನ್ನು ತುಂಬುತ್ತದೆ.

ವಿಜಯಪುರದ ಕಪ್ಪುನೆಲದಲ್ಲಿ ಹಿಂಗಾರಿನ ಜೋಳವು ಮಣ್ಣಿನಲ್ಲಿ ಉಳಿದ ತೇವವನ್ನೇ ನೆಚ್ಚಿಕೊಂಡು ಬೆಳೆಯುತ್ತದೆ. ಹೀಗಿದ್ದರೂ ಕಳೆದ ಕೆಲವು ದಶಕಗಳಲ್ಲಿ ಜೋಳ ಬಿತ್ತುವ ನೆಲ ಕುಗ್ಗುತ್ತಾ ಬಂದಿದೆ. 2023ನ್ನು ವಿಶ್ವಸಂಸ್ಥೆಯು ಸಿರಿಧಾನ್ಯಗಳ ವರ್ಷವೆಂದು ಆಚರಿಸಿದಾಗ ಜೋಳದ ಹೆಸರು ಮತ್ತೆ ಕೇಳಿಬಂದಿತು. ಆದರೆ ಬೆಳೆಯನ್ನು ಉಳಿಸುವುದು ಘೋಷಣೆಯೊಂದರಿಂದಲೇ ಆಗುವುದಿಲ್ಲ. ರೊಟ್ಟಿ ಬಡಿಯಬಲ್ಲ ಕೈಗಳು ಇರುವವರೆಗೆ ಜೋಳಕ್ಕೆ ಬೇಡಿಕೆಯಿರುತ್ತದೆ. ಆ ಕೈಗಳು ಕಡಿಮೆಯಾದರೆ ಹೊಲದಲ್ಲಿಯೂ ಜೋಳ ಕಡಿಮೆಯಾದೀತು.

ವಿದ್ಯಾರ್ಥಿಗಳು, ಹುಡುಗಿಯರಂತೆ ಹುಡುಗರೂ, ರಜೆಯ ಒಂದು ದಿನ ಅಡುಗೆಮನೆಯನ್ನು ಪ್ರಯೋಗಶಾಲೆಯೆಂದು ಭಾವಿಸಿ ಕುಳಿತುಕೊಳ್ಳಲಿ. ಒಂದು ಉಂಡೆಯನ್ನು ತಣ್ಣೀರಿನಲ್ಲಿಯೂ ಇನ್ನೊಂದನ್ನು ಎಸರಿನಲ್ಲಿಯೂ ಕಲಸಿ, ಎರಡನ್ನೂ ತಟ್ಟಿ ನೋಡಲಿ. ಮೊದಲ ರೊಟ್ಟಿ ಮುರಿದೀತು, ಎರಡನೆಯದೂ ಮುರಿಯಬಹುದು. ಹಾಗೆ ಮುರಿದಾಗ ಏಕೆ ಮುರಿಯಿತೆಂದು ಮನೆಯ ಹಿರಿಯರನ್ನು ಕೇಳಲಿ. ಅವರು ಹೇಳುವ ಉತ್ತರದಲ್ಲಿ ಪಿಷ್ಟ, ಸಸಾರಜನಕ ಎಂಬ ಮಾತುಗಳು ಇರಲಾರವು. ಆದರೆ ನೀರು, ಶಾಖ, ನಾದುವಿಕೆಗಳ ಹದವನ್ನು ಕುರಿತು ಅವರು ತಿಳಿಸುವುದರಲ್ಲಿ ಈ ಲೇಖನದಲ್ಲಿರುವುದಕ್ಕಿಂತ ಹೆಚ್ಚಿನ ವಿಷಯ ಇದ್ದೇ ಇರುತ್ತದೆ.