ತಾತ್ಕಾಲಿಕ ದೂರವಾಣಿ ಸಂಖ್ಯೆಯ ಉಪಯೋಗಗಳು

ಹಿಂದೆ ಒಬ್ಬ ಮನುಷ್ಯನನ್ನು ಹುಡುಕಬೇಕಾದರೆ ಅವನ ಊರು, ಕೇರಿ, ತಂದೆಯ ಹೆಸರುಗಳನ್ನು ಕೇಳುತ್ತಿದ್ದರು. ಈಗ ಹತ್ತು ಅಂಕಿಗಳ ಒಂದು ಸಂಖ್ಯೆ ಸಾಕು. ಬ್ಯಾಂಕಿನ ಖಾತೆ, ಗ್ಯಾಸಿನ ಸಿಲಿಂಡರು, ವಿದ್ಯಾರ್ಥಿವೇತನ ಎಲ್ಲವೂ ಆ ಸಂಖ್ಯೆಗೇ ಕಟ್ಟುಬಿದ್ದಿವೆ. ನಮ್ಮ ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರಲ್ಲಿ ನಾನೇ ಮೊದಲಿಗನಾದುದರಿಂದ ಮನೆಯವರ ಹಾಗೂ ನೆರೆಹೊರೆಯವರ ಅರ್ಜಿಗಳನ್ನು ತುಂಬುವ ಕೆಲಸ ನನ್ನ ಪಾಲಿಗೆ ಬಂದಿದೆ. ಇಷ್ಟು ಅಮೂಲ್ಯವಾದ ಸಂಖ್ಯೆಯನ್ನು ಸಂತೆಯಲ್ಲಿ ಸಿಕ್ಕವರಿಗೆಲ್ಲ ಕೊಡುತ್ತೇವಲ್ಲಾ ಎಂಬ ಯೋಚನೆ ನನಗೆ ಬಂದುದು ಆ ಕೆಲಸದಿಂದಲೇ. ಸ್ವಲ್ಪ ಕಾಲದ ವ್ಯವಹಾರಕ್ಕೆ ಸ್ವಲ್ಪ ಕಾಲದ ಸಂಖ್ಯೆಯೇ ಸಾಲದೆ? ಈ ವಿಷಯವನ್ನು ಕುರಿತು ನಾನು ಓದಿ, ಕಂಡು ತಿಳಿದಷ್ಟನ್ನು ವಾಚಕರ ಮುಂದಿಡುತ್ತೇನೆ.

ಇಂಥ ಸಂಖ್ಯೆಯ ಅತ್ಯಂತ ಅಚ್ಚುಕಟ್ಟಾದ ಬಳಕೆಯನ್ನು ಬಾಡಿಗೆ ಕಾರಿನ ಕಂಪೆನಿಗಳಲ್ಲಿ ಕಾಣಬಹುದು. ಊಬರ್‌ನಂಥ ಕಂಪೆನಿಯ ಕಾರನ್ನು ಗೊತ್ತುಮಾಡಿದವರು ಅದರ ಆಪ್‌ನಿಂದ ಚಾಲಕನಿಗೆ ಕರೆ ಮಾಡಿದಾಗ ಸಾಮಾನ್ಯವಾಗಿ ಚಾಲಕನ ಸ್ವಂತ ಸಂಖ್ಯೆ ಅವರಿಗೆ ಕಾಣುವುದಿಲ್ಲ. ಅವರದು ಚಾಲಕನಿಗೂ ಕಾಣುವುದಿಲ್ಲ. ನಡುವೆ ಮೂರನೆಯದೊಂದು ಸಂಖ್ಯೆ ನಿಂತಿರುತ್ತದೆ. ಕರೆ ಬಂದೊಡನೆ ಕಂಪ್ಯೂಟರು ಕರೆದವರ ಸಂಖ್ಯೆಯನ್ನು ನೋಡಿ, ಆ ಹೊತ್ತಿನಲ್ಲಿ ಅವರ ಜೋಡಿ ಯಾರೆಂದು ತನ್ನ ಪಟ್ಟಿಯಲ್ಲಿ ಹುಡುಕಿ, ಕರೆಯನ್ನು ಆತನಿಗೆ ದಾಟಿಸುತ್ತದೆ. ಪ್ರಯಾಣ ಮುಗಿದ ಮೇಲೆ ಆ ಜೋಡಿ ಪಟ್ಟಿಯಿಂದ ಅಳಿಯುತ್ತದೆ. ಅದೇ ಸಂಖ್ಯೆ ಇನ್ನಿಬ್ಬರ ಸೇವೆಗೆ ಹೋಗುತ್ತದೆ. ರಾತ್ರಿ ಒಬ್ಬಳೇ ಪ್ರಯಾಣ ಮಾಡಿದ ಹೆಣ್ಣುಮಗಳಿಗೆ ಮರುದಿನ ಅಪರಿಚಿತನ ಕರೆ ಬಾರದಂತೆ ತಡೆಯುವುದು ಈ ಅಳಿಸುವಿಕೆಯೇ. ಚಾಲಕನಿಗೂ ಅಷ್ಟೇ ನೆಮ್ಮದಿ. ಇಂಥ ಏರ್ಪಾಡನ್ನು ಇತರ ವ್ಯಾಪಾರಿಗಳಿಗೆ ಒದಗಿಸುವ ಎಕ್ಸೋಟೆಲ್ ಎಂಬ ಕಂಪೆನಿ ನಮ್ಮ ಬೆಂಗಳೂರಿನದೇ.

ಬೆಂಗಳೂರಿನಲ್ಲೇ 2010ರಲ್ಲಿ ಹುಟ್ಟಿದ ಜಿಪ್‌ಡಯಲ್ ಎಂಬ ಕಂಪೆನಿ, ಮಿಸ್ಡ್ ಕಾಲ್ ಕೊಡುವ ನಮ್ಮ ಜನರ ಮಿತವ್ಯಯವನ್ನೇ ಬಂಡವಾಳ ಮಾಡಿಕೊಂಡಿತು. ಒಂದು ಜಾಹೀರಾತಿಗೆ ಒಂದು ಸಂಖ್ಯೆ. ಗ್ರಾಹಕ ಅದಕ್ಕೆ ಕರೆದರೆ ಕರೆ ತಾನಾಗಿ ಕಡಿದುಹೋಗಿ, ಅವನಿಗೆ ಖರ್ಚಿಲ್ಲದೆ ಉತ್ತರ ಬರುತ್ತಿದ್ದಿತು. ಯಾವ ಸಂಖ್ಯೆಗೆ ಎಷ್ಟು ಕರೆ ಬಂದುವೆಂದು ಎಣಿಸಿದರೆ ಯಾವ ಜಾಹೀರಾತು ಫಲಿಸಿತೆಂಬುದೂ ತಿಳಿಯುತ್ತದೆ. 2015ರಲ್ಲಿ ಟ್ವಿಟರ್ ಇದನ್ನು ಕೊಂಡುಕೊಂಡಿತು.

ದೊಡ್ಡ ಕಂಪೆನಿಗಳ ಮಾತಾಯಿತು. ಬಡವರ ಮನೆಗೆ ಇದರಿಂದೇನು? ನನ್ನ ಅಕ್ಕ ಮನೆಯಲ್ಲಿ ರವಿಕೆ ಹೊಲಿಯುತ್ತಾಳೆ. ಬಾಗಿಲ ಹೊರಗಿನ ಬೋರ್ಡಿನಲ್ಲಿ ತನ್ನ ಸಂಖ್ಯೆ ಬರೆಸಿದ ಮೇಲೆ ರವಿಕೆಯ ಮಾತಲ್ಲದ ಮಾತಿಗೇ ಕರೆಗಳು ಬರತೊಡಗಿದುವು. ಅದೂ ರಾತ್ರಿ ಹತ್ತರ ಮೇಲೆ. ಭಾವನವರು ಬೋರ್ಡನ್ನೇ ತೆಗೆಯೆಂದರು. ತೆಗೆದರೆ ಗಿರಾಕಿಗಳು ಹೋಗುತ್ತಾರೆ. ಕಡೆಗೆ ಅಕ್ಕ ತನ್ನ ಹೆಸರಿನಲ್ಲೇ ಇನ್ನೊಂದು ಸಿಮ್ ಕೊಂಡು, ಹಳೆಯ ಬಟನ್ ಫೋನಿಗೆ ಹಾಕಿ, ಬೋರ್ಡಿನಲ್ಲಿ ಆ ಸಂಖ್ಯೆಯನ್ನು ಬರೆಸಿದಳು. ಸಂಜೆ ಏಳಕ್ಕೆ ಆ ಫೋನನ್ನು ಆರಿಸಿಡುತ್ತಾಳೆ. ಹಳೆಯ ಸಂಖ್ಯೆಗೆ ಬರುತ್ತಿದ್ದ ಕರೆಗಳು ಒಂದೆರಡು ತಿಂಗಳಲ್ಲಿ ತಗ್ಗಿದುವು. ಹೊಸದಕ್ಕೂ ಕಾಟ ಮಿತಿಮೀರಿದರೆ ಅದನ್ನು ಬಿಟ್ಟುಬಿಡಬಹುದು. ಬ್ಯಾಂಕಿಗೂ ಮಕ್ಕಳ ಶಾಲೆಗೂ ಕೊಟ್ಟ ಸಂಖ್ಯೆ ಹಾಗೆಯೇ ಇರುತ್ತದೆ. ಕಾಟ ಕೊಟ್ಟವರು ಹಾಯಾಗಿರುವಾಗ ಕಾಟ ಪಟ್ಟವಳು ರೀಚಾರ್ಜಿಗೆ ಹಣ ತೆರಬೇಕಾದುದು ನ್ಯಾಯವೆಂದು ನಾನು ಹೇಳಲಾರೆ. ಆದರೆ ಬೋರ್ಡು ಉಳಿಯಿತು. ಮನೆ ಬಾಡಿಗೆಗೆ ಕೊಡುವವರು, ಹಳೆಯ ಬೈಕು ಮಾರುವವರು, ವರಾನ್ವೇಷಣೆಯ ಜಾಹೀರಾತು ಕೊಡುವವರು ಇದೇ ಕ್ರಮವನ್ನು ಅನುಸರಿಸಬಹುದು.

ಆದರೆ ದೂರವಾಣಿ ಸಂಖ್ಯೆ ಬಾಡಿಗೆ ಮನೆಯಂತೆ. ನಾವು ಖಾಲಿ ಮಾಡಿದ ಮೇಲೆ ಬೇರೊಬ್ಬರು ಬರುತ್ತಾರೆ, ನಮ್ಮ ಹೆಸರಿನ ಕಾಗದಗಳು ಅವರ ಕೈಗೆ ಬೀಳುತ್ತವೆ. ನಿಂತುಹೋದ ಸಂಖ್ಯೆಯನ್ನು ಕನಿಷ್ಠ 90 ದಿನಗಳ ತನಕ ಹೊಸಬರಿಗೆ ಕೊಡುವುದಿಲ್ಲವೆಂದು ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2023ರಲ್ಲಿ ಸುಪ್ರೀಂ ಕೋರ್ಟಿಗೆ ತಿಳಿಸಿತು. ಆಮೇಲೆ ಕೊಡಬಹುದೆಂದೇ ಅರ್ಥ. ನಮ್ಮ ತರಗತಿಯ ಒಬ್ಬ ಮಿತ್ರ, ಅಗ್ಗಕ್ಕೆ ಸಿಕ್ಕಿತೆಂದು ಕೊಂಡ ಸಿಮ್ಮಿನ ಸಂಖ್ಯೆಯನ್ನು ವಿದ್ಯಾರ್ಥಿವೇತನದ ಅರ್ಜಿಗೆ ಕೊಟ್ಟಿದ್ದ. ರೀಚಾರ್ಜು ಮಾಡಿಸದೆ ಅದು ನಿಂತಿತು; ಓಟಿಪಿ ಅವನಿಗೆ ತಲಪಲಿಲ್ಲ. ಸಂಖ್ಯೆಯನ್ನು ತಿದ್ದಿಸಲು ಅಲೆದಾಡಿ, ಪರೀಕ್ಷಾ ಶುಲ್ಕಕ್ಕೆ ಸಾಲ ಮಾಡಬೇಕಾಯಿತು. ಅಂತರಜಾಲದಲ್ಲಿ ಪುಕ್ಕಟೆಯಾಗಿ ದೊರೆಯುವ ಸಂಖ್ಯೆಗಳಂತೂ ಇನ್ನೂ ಅಪಾಯದವು. ಅವುಗಳಿಗೆ ಬಂದ ಸಂದೇಶಗಳನ್ನು ಆ ಪುಟ ತೆರೆದವರೆಲ್ಲರೂ ಓದಬಹುದು. ಅರಳಿಕಟ್ಟೆಯ ಮೇಲೆ ಕಾಗದ ಬಿಚ್ಚಿಟ್ಟಂತೆ.

ತಾತ್ಕಾಲಿಕವೆಂದರೆ ಗುಪ್ತವೆಂದು ಭಾವಿಸುವವರೂ ಇದ್ದಾರೆ. ನಮ್ಮ ದೇಶದಲ್ಲಿ ಗುರುತಿನ ದಾಖಲೆ ಕೊಡದೆ ಸಿಮ್ ಕೊಳ್ಳುವಂತಿಲ್ಲ. ನಮ್ಮ ರಾಜ್ಯದಲ್ಲಿ ಒಬ್ಬರ ಹೆಸರಿಗೆ 9ರ ಮಿತಿಯಿದೆ. ಮೋಸದಿಂದ, ಪರರ ಸೋಗಿನಿಂದ ಸಿಮ್ ಪಡೆದವರಿಗೆ 2023ರ ದೂರಸಂಪರ್ಕ ಕಾಯಿದೆಯಲ್ಲಿ 3 ವರ್ಷಗಳವರೆಗೆ ಸೆರೆವಾಸ, ಇಲ್ಲವೆ 50 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೆ ಎರಡೂ ಉಂಟು. ತಮ್ಮ ಹೆಸರಿನಲ್ಲಿ ಎಷ್ಟು ಸಂಖ್ಯೆಗಳಿವೆಯೆಂಬುದನ್ನು ಕೇಂದ್ರ ಸರ್ಕಾರ 2023ರಲ್ಲಿ ತೆರೆದ ಸಂಚಾರ್ ಸಾಥಿ ತಾಣದಲ್ಲಿ ಯಾರಾದರೂ ನೋಡಿಕೊಳ್ಳಬಹುದು. ನಮ್ಮ ತಂದೆಯವರ ಹೆಸರಿನಲ್ಲಿ ನೋಡಿದೆ. ಮೂರು ಸಂಖ್ಯೆಗಳಿದ್ದುವು, ಎರಡು ಮನೆಯವು. ಮೂರನೆಯದು ಯಾರದೆಂದು ಅವರಿಗೂ ಗೊತ್ತಿಲ್ಲ. ಅದು ತಮ್ಮ ಸಂಖ್ಯೆಯಲ್ಲವೆಂದು ಅಲ್ಲಿಯೇ ಗುರುತು ಹಾಕಿ ಕಳುಹಿಸಿದ್ದೇವೆ.