ಪಾಲಿಬೆಟ್ಟದಲ್ಲಿ ಕಟ್ಟಿದ ಒಂದು ಹವ್ಯಾಸಿ ರೇಡಿಯೋ

ಕೊಡಗಿನ ದಕ್ಷಿಣ ಭಾಗದಲ್ಲಿ, ಸಿದ್ದಾಪುರ, ಅಮ್ಮತ್ತಿ, ಗೋಣಿಕೊಪ್ಪಗಳ ನಡುವೆ, ಕಾಫಿತೋಟಗಳ ಮಧ್ಯದಲ್ಲಿರುವ ಪುಟ್ಟ ಪೇಟೆ ಪಾಲಿಬೆಟ್ಟ. ಮುಂಗಾರು ಬಲಿತಿತೆಂದರೆ ಅಲ್ಲಿ ಮೊದಲು ಹೋಗುವುದು ವಿದ್ಯುತ್ತು. ಮರ ಉರುಳಿ ತಂತಿ ಹರಿದ ಮೇಲೆ ದೂರವಾಣಿಯೂ ಅದನ್ನೇ ಹಿಂಬಾಲಿಸುವುದುಂಟು. 2018ರ ಆಗಸ್ಟ್ ತಿಂಗಳಲ್ಲಿ ಮಡಿಕೇರಿಯ ಸುತ್ತಣ ಮಕ್ಕಂದೂರು, ಮುಕ್ಕೋಡ್ಲು, ಜೋಡುಪಾಲಗಳ ಕಡೆ ಗುಡ್ಡಗಳು ಜಾರಿ, ರಸ್ತೆಗಳು ಕಡಿದು, ಊರಿಗೆ ಊರೇ ಹೊರಜಗತ್ತಿನೊಡನೆ ಮಾತು ಕಳೆದುಕೊಂಡ ದಿನಗಳನ್ನು ಕಂಡವರು ಮರೆಯಲಾರರು. ಪಾಲಿಬೆಟ್ಟದ ತೋಟದ ಮನೆಯೊಂದರ ಜಗಲಿಯಲ್ಲಿ ಈ ಲೇಖಕನೂ, ಹವ್ಯಾಸಿ ರೇಡಿಯೋ ಪರವಾನಗಿಯನ್ನು ಪಡೆದಿರುವ ಆತನ ಮಿತ್ರರೊಬ್ಬರೂ, ಬಿಡಿಭಾಗಗಳ ಕಟ್ಟೊಂದನ್ನು ಬಿಚ್ಚಿಕೊಂಡು ಕುಳಿತದ್ದು ಆ ನೆನಪಿನ ಬೆನ್ನಿಗೇ. ಆ ಕೆಲಸದ ವಿವರವು ನಮ್ಮ ವಿಜ್ಞಾನ ಶಿಕ್ಷಕರಿಗೂ, ಪ್ರಯೋಗಶಾಲೆಗೆ ನೆರವಾಗುತ್ತಿರುವ ಮಹನೀಯರಿಗೂ ಉಪಯುಕ್ತವಾದೀತೆಂದು ಇಲ್ಲಿ ಬರೆಯಲಾಗಿದೆ.

ರೇಡಿಯೋ ಎಂದರೆ ಕೇಳುವ ಪೆಟ್ಟಿಗೆಯೆಂದೇ ನಮ್ಮಲ್ಲಿ ಹೆಚ್ಚಿನವರ ಎಣಿಕೆ. ಹವ್ಯಾಸಿ ರೇಡಿಯೋ ಕೇಳುವುದರ ಜೊತೆಗೆ ಹೇಳುವ ಯಂತ್ರವೂ ಹೌದು. ಕನ್ನಡನಾಡಿಗೆ ಈ ಹುಚ್ಚು ಹೊಸದಲ್ಲ. ಮೈಸೂರಿನ ಮನಃಶಾಸ್ತ್ರ ಪ್ರಾಧ್ಯಾಪಕರಾಗಿದ್ದ ಡಾ. ಎಂ. ವಿ. ಗೋಪಾಲಸ್ವಾಮಿಯವರು 1935ರಲ್ಲಿ ತಮ್ಮ ಮನೆಯಲ್ಲಿಯೇ ಅಲ್ಪಶಕ್ತಿಯ ಬಾನುಲಿ ಕೇಂದ್ರವೊಂದನ್ನು ತೆರೆದರು. ಇಡೀ ದೇಶದ ಬಾನುಲಿಗೆ ಮುಂದೆ ಹೆಸರಾದ ‘ಆಕಾಶವಾಣಿ’ ಎಂಬ ಶಬ್ದ ಆ ಮನೆಯ ಕೇಂದ್ರದ್ದು. ಬೆಂಗಳೂರಿನಲ್ಲಿ ಹವ್ಯಾಸಿಗಳ ಸಂಘ 1959ರಷ್ಟು ಹಿಂದೆಯೇ ಹುಟ್ಟಿತು. ಆದರೆ ಪ್ರಸಾರ ಮಾಡಬೇಕಾದರೆ ಕೇಂದ್ರ ಸರ್ಕಾರದ ಪರೀಕ್ಷೆಯಲ್ಲಿ ತೇರ್ಗಡೆಯಾಗಿ ಪರವಾನಗಿ ಪಡೆದಿರಲೇಬೇಕು. ಈ ಪರೀಕ್ಷೆಯ ಬಾಗಿಲು ಹನ್ನೆರಡು ವರ್ಷದ ಮಕ್ಕಳಿಗೂ ತೆರೆದಿದೆಯೆಂಬುದನ್ನು ಶಾಲೆಯವರಾದ ನಾವು ಅಷ್ಟಾಗಿ ಗಮನಿಸಿಲ್ಲ.

ನಾವು ಆರಿಸಿಕೊಂಡದ್ದು ‘ಬಿಟ್‌ಎಕ್ಸ್’ ಎಂಬ ಮಂಡಲ. ಹೈದರಾಬಾದಿನ ಹವ್ಯಾಸಿ ಅಶ್ಹರ್ ಫರ್ಹಾನ್ ಅವರು 2003ರ ಸುಮಾರಿಗೆ ಇದನ್ನು ರೂಪಿಸಿದರು. ವಿದೇಶದಿಂದ ತರಿಸಬೇಕಾದ ದುಬಾರಿ ಭಾಗಗಳನ್ನು ಆದಷ್ಟು ದೂರವಿಟ್ಟು, ನಮ್ಮ ಪೇಟೆಗಳಲ್ಲಿ ಸಿಗುವ ಸಾಮಗ್ರಿಗಳಿಂದಲೇ ಕಟ್ಟಬಹುದಾದಂತೆ ಮಾಡಿದ್ದು ಇದರ ಹೆಚ್ಚುಗಾರಿಕೆ. ಸುರುಳಿಗಳನ್ನು ಸುತ್ತಲು ಕೊಳಾಯಿಯ ವಾಷರನ್ನು ಬಳಸಿದ ಜಾಣ್ಮೆ ನೋಡಿ! ಮೂಲದಲ್ಲಿ ಇದು 20 ಮೀಟರ್ ತರಂಗಕ್ಕಾಗಿ ರಚಿತವಾದದ್ದು. ಅನಂತರ ಹಲವರು ಇದನ್ನು 40 ಮೀಟರಿಗೆ, ಎಂದರೆ 7 ಮೆಗಾಹರ್ಟ್ಸ್ ಆವೃತ್ತಿಗೆ ಹೊಂದಿಸಿಕೊಂಡರು. ನಮ್ಮದೂ ಅಂಥದೇ.

ಇದರ ಒಳಗುಟ್ಟನ್ನು ತುಸು ವಿವರಿಸಬೇಕು. ನಾವು ಮೈಕಿನ ಮುಂದೆ ಆಡಿದ ಮಾತು ದುರ್ಬಲ ವಿದ್ಯುತ್ತಾಗಿ, 10 ಮೆಗಾಹರ್ಟ್ಸ್ ಆಂದೋಲಕದ ವಾಹಕ ತರಂಗದೊಡನೆ ಡಯೋಡುಗಳಲ್ಲಿ ಬೆರೆಯುತ್ತದೆ. ಆಗ ವಾಹಕದ ಎರಡೂ ಬದಿಗೆ ಒಂದೊಂದು ಪಾರ್ಶ್ವಪಟ್ಟಿ ಹುಟ್ಟುತ್ತದೆ. ವಾಹಕವು ಅಲ್ಲಿಯೇ ಅಡಗಿಹೋಗುತ್ತದೆ. ಎರಡು ಪಟ್ಟಿಗಳಲ್ಲಿಯೂ ಇರುವುದು ಒಂದೇ ಮಾತಾದ್ದರಿಂದ, ನಾಲ್ಕು ಸ್ಫಟಿಕಗಳ ಶೋಧಕವೊಂದು ಅವುಗಳಲ್ಲೊಂದನ್ನು ತಡೆದು ಮತ್ತೊಂದನ್ನು ಬಿಡುತ್ತದೆ. ಉಳಿದದ್ದನ್ನು ಸುಮಾರು 3 ಮೆಗಾಹರ್ಟ್ಸಿನ ಇನ್ನೊಂದು ಆಂದೋಲಕದೊಡನೆ ಬೆರೆಸಿದರೆ ವ್ಯತ್ಯಾಸವಾಗಿ 7 ಮೆಗಾಹರ್ಟ್ಸ್ ದೊರೆಯುತ್ತದೆ. ಈ ಎರಡನೆಯ ಆಂದೋಲಕವನ್ನು ತಿರುಗಿಸುವುದೇ ನಿಲ್ದಾಣ ಹುಡುಕುವುದು. ಸಾಮಾನ್ಯ ಮಧ್ಯಮ ತರಂಗದ ಪ್ರಸಾರದಲ್ಲಿ, ಧ್ವನಿ ಪೂರ್ಣ ಪ್ರಮಾಣದಲ್ಲಿದ್ದಾಗಲೂ, ಶಕ್ತಿಯ ಮೂರರಲ್ಲಿ ಎರಡು ಪಾಲು ಯಾವ ಮಾತನ್ನೂ ಹೊರದ ವಾಹಕಕ್ಕೆ ವ್ಯಯವಾಗುತ್ತದೆ. ಇಲ್ಲಿ ಆ ದಂಡವಿಲ್ಲ. ಆರು ವಾಟ್‌ನ ಯಂತ್ರ ನೂರಾರು ಕಿಲೋಮೀಟರ್ ಮಾತಾಡುವ ರಹಸ್ಯದ ಅರ್ಧ ಇದು.

ಬಿಟ್‌ಎಕ್ಸಿನ ನಿಜವಾದ ಚಮತ್ಕಾರವೆಂದರೆ ಇದೇ ದಾರಿಯಲ್ಲಿ ಸಂಕೇತವು ಹಿಂದುಮುಂದಾಗಿಯೂ ನಡೆಯುವುದು. ಶೋಧಕ, ಮಿಶ್ರಕ, ಆಂದೋಲಕಗಳು ಪ್ರಸಾರಕ್ಕೂ ಗ್ರಹಣಕ್ಕೂ ಒಂದೇ. ವರ್ಧಕಗಳಲ್ಲಿ ಮಾತ್ರ ಟ್ರಾನ್ಸಿಸ್ಟರುಗಳು ಬೆನ್ನಿಗೆ ಬೆನ್ನು ಕೊಟ್ಟು ಕುಳಿತಿವೆ. ಯಾವುದಕ್ಕೆ ವಿದ್ಯುತ್ತು ಕೊಡುತ್ತೇವೋ ಆ ದಿಕ್ಕಿಗೆ ಸಂಕೇತ ಹರಿಯುತ್ತದೆ. ಆದ್ದರಿಂದ ಗ್ರಾಹಕ ಭಾಗವನ್ನು ಕಟ್ಟಿ, ಅದರಲ್ಲಿ ದೂರದ ದನಿಗಳನ್ನು ಸ್ಪಷ್ಟವಾಗಿ ಕೇಳಿದಿರೆಂದರೆ, ಪ್ರೇಷಕದ ಬಹುಪಾಲೂ ಸರಿಯಾಗಿದೆಯೆಂದೇ ಅರ್ಥ. ಪಾಠಶಾಲೆಯ ದೃಷ್ಟಿಯಿಂದ ಈ ಗುಣ ಬೆಲೆಯುಳ್ಳದ್ದು. ಪರವಾನಗಿಯುಳ್ಳ ಹಿರಿಯರೊಬ್ಬರ ಕಣ್ಣೆದುರಿಗೆ ಮಕ್ಕಳು ಗ್ರಾಹಕವನ್ನು ಕಟ್ಟಲಿ, ಆಲಿಸಲಿ, ಪರೀಕ್ಷೆಗೆ ಓದಲಿ. ಕೊನೆಯ ಶಕ್ತಿವರ್ಧಕವನ್ನು ಪರವಾನಗಿ ಬಂದ ಮೇಲೆ ಬೆಸೆದರಾಯಿತು.

ರೋಧಕ, ಧಾರಕ, ಟ್ರಾನ್ಸಿಸ್ಟರುಗಳ ಕೊರತೆಯನ್ನು ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳು ತುಂಬಿಕೊಟ್ಟವು. 10 ಮೆಗಾಹರ್ಟ್ಸಿನ ಸ್ಫಟಿಕಗಳನ್ನು ಹತ್ತು ಹನ್ನೆರಡು ಕೊಂಡು, ಒಂದೊಂದನ್ನೂ ಆಂದೋಲಕದಲ್ಲಿರಿಸಿ ಅಳೆದು, ಅತಿ ಸಮೀಪದ ಆವೃತ್ತಿಯ ನಾಲ್ಕನ್ನು ಶೋಧಕಕ್ಕಾಗಿ ಆಯ್ದೆವು. ಇಲ್ಲಿ ಆತುರ ಸಲ್ಲದು. ಹೊಂದದ ಸ್ಫಟಿಕಗಳಿಂದ ಮಾಡಿದ ಶೋಧಕದಲ್ಲಿ ಬಂದ ಮನುಷ್ಯದನಿ ಡಬ್ಬಿಯೊಳಗಿಂದ ಬಂದಂತಿರುತ್ತದೆ.

ಮೊದಲ ಸಲ ವಿದ್ಯುತ್ತು ಕೊಟ್ಟಾಗ ಯಂತ್ರ ಮೂಕವಾಗಿತ್ತು. ಎರಡು ಸಂಜೆಗಳು ಹುಡುಕಾಟದಲ್ಲಿಯೇ ಕಳೆದವು. ಟ್ರಾನ್ಸಿಸ್ಟರುಗಳನ್ನು ಬೈದೆವು, ಮಾರಿದವರನ್ನೂ ಬೈದೆವು. ತಪ್ಪು ಈ ಲೇಖಕನದೇ. ಸುರುಳಿಯ ತಾಮ್ರದ ತಂತಿಗೆ ಎನಾಮಲ್ ಲೇಪವಿರುತ್ತದೆ; ತುದಿಯಲ್ಲಿ ಅದನ್ನು ಪೂರ್ಣವಾಗಿ ಕೆರೆಯದೆ ಬೆಸೆದದ್ದರಿಂದ, ಹೊರಗೆ ಹೊಳೆಯುವ ಬೆಸುಗೆಯಿದ್ದರೂ ಒಳಗೆ ಸಂಪರ್ಕವಿರಲಿಲ್ಲ. ಬ್ಲೇಡಿನಿಂದ ಕೆರೆದು ಮತ್ತೆ ಬೆಸೆದೊಡನೆ ಎಲ್‌ಎಂ 386 ಬಿಲ್ಲೆಗೆ ಜೋಡಿಸಿದ ಧ್ವನಿವರ್ಧಕದಲ್ಲಿ ಮಳೆಯಂಥ ಮೊರೆತ ಕೇಳಿಸಿತು. ಅಷ್ಟು ಇಂಪಾದ ಗದ್ದಲವನ್ನು ನಾನು ಕೇಳಿರಲಿಲ್ಲ.

ಎರಡನೆಯ ಪಾಠ ಶಕ್ತಿವರ್ಧಕದ್ದು. ಅಲ್ಲಿರುವ ಐಆರ್‌ಎಫ್ 510 ಟ್ರಾನ್ಸಿಸ್ಟರಿನ ಬೆನ್ನಿನ ಲೋಹದ ಪಟ್ಟಿಯೇ ಅದರ ವಿದ್ಯುತ್ ತುದಿಗಳಲ್ಲೊಂದು. ಅದಕ್ಕೂ ಪೆಟ್ಟಿಗೆಗೂ ನಡುವೆ ಅಭ್ರಕದ ಹಾಳೆ ಇಡಬೇಕು. ಇಡಲು ಮರೆತೆವು, ಫ್ಯೂಸು ಸುಟ್ಟಿತು. ಫ್ಯೂಸು ಹಾಕಿದ್ದರಿಂದ ಬ್ಯಾಟರಿಯೂ ತಂತಿಗಳೂ ಉಳಿದವು.

ಇನ್ನು ಆಕಾಶತಂತಿ. ಒಟ್ಟು 20 ಮೀಟರ್ ಉದ್ದದ ತಾಮ್ರದ ತಂತಿಯನ್ನು ನಡುವೆ ಕತ್ತರಿಸಿ, ಹತ್ತತ್ತು ಮೀಟರಿನ ಎರಡು ತೋಳುಗಳನ್ನಾಗಿ ಮಾಡಿ, ಮೆಣಸಿನ ಬಳ್ಳಿ ಹಬ್ಬಿದ ಎರಡು ಸಿಲ್ವರ್ ಓಕ್ ಮರಗಳ ನಡುವೆ ನೆಲದಿಂದ ಎಂಟು ಹತ್ತು ಮೀಟರ್ ಎತ್ತರದಲ್ಲಿ ಕಟ್ಟಿದೆವು. ಇನ್ನೂ ಎತ್ತರವೇಕಿಲ್ಲವೆಂದು ಕೆಲವರು ಕೇಳಿದ್ದುಂಟು. ಬೆಟ್ಟದ ನಾಡಿಗೆ ಈ ತಗ್ಗೇ ಲೇಸು. ಪೊಲೀಸರ ವೈರ್‌ಲೆಸ್ಸಿನಂಥ ಅತ್ಯುಚ್ಚ ಆವೃತ್ತಿಯ ತರಂಗಗಳು ನೇರವಾಗಿ ಸಾಗುತ್ತವೆ. ಅಡ್ಡ ಬಂದ ಬೆಟ್ಟ ಅವನ್ನು ತಡೆಯುತ್ತದೆ. ತಗ್ಗಿನಲ್ಲಿ ಕಟ್ಟಿದ ತಂತಿಯಿಂದ ಹೊರಟ 7 ಮೆಗಾಹರ್ಟ್ಸಿನ ತರಂಗವಾದರೋ ಬಹುಪಾಲು ನೆತ್ತಿಯ ಕಡೆಗೆ ಏರಿ, ನೂರಾರು ಕಿಲೋಮೀಟರ್ ಮೇಲಿರುವ ಅಯಾನುಗೋಲವನ್ನು ಮುಟ್ಟಿ, ಸುತ್ತಣ ನಾಡಿನ ಮೇಲೆ ಕೊಡೆಯಂತೆ ಇಳಿಯುತ್ತದೆ. ಎತ್ತರದ ಗೋಡೆಯ ಆಚೆಗಿರುವವನಿಗೆ ಚೆಂಡನ್ನು ಮೇಲೆಸೆದು ಮುಟ್ಟಿಸಿದಂತೆ. ಹಗಲಿನಲ್ಲಿ ಮಡಿಕೇರಿಗೂ ಮೈಸೂರಿಗೂ ಬೆಂಗಳೂರಿಗೂ ಮಾತು ತಲುಪಲು ಇದಕ್ಕಿಂತ ಸರಳವಾದ ದಾರಿಯಿಲ್ಲ. ನಡುವೆ ಗೋಪುರವೂ ಬೇಡ, ತಂತಿಯೂ ಬೇಡ. ಪ್ರಸಾರದ ವೇಳೆ ಯಂತ್ರ ಬೇಡುವುದು 12 ವೋಲ್ಟ್ ಬ್ಯಾಟರಿಯಿಂದ ಸುಮಾರು ಒಂದು ಆಂಪಿಯರ್ ಮಾತ್ರ. ಗುಡುಗಿನ ದಿನಗಳಲ್ಲಿ ಆಕಾಶತಂತಿಯನ್ನು ಬಿಚ್ಚಿ ಮನೆಯ ಹೊರಗಿಡುವುದನ್ನು ಮಾತ್ರ ಎಂದೂ ಮರೆಯಬಾರದು.

ಪೇಟೆಯಲ್ಲಿ ಇದಕ್ಕಿಂತ ಅಂದವಾದ ಸಿದ್ಧ ಯಂತ್ರಗಳುಂಟು, ಅವನ್ನೇ ಕೊಂಡುಕೊಡುತ್ತೇವೆಂದು ದಾನಿಗಳೊಬ್ಬರು ಸೌಜನ್ಯದಿಂದ ಹೇಳಿದರು. ಅವು ಉತ್ತಮವೇ. ಆದರೆ ರಸ್ತೆ ಕಡಿದ ದಿನ ಅಂಥ ಪೆಟ್ಟಿಗೆ ಕೆಟ್ಟರೆ ಅದನ್ನು ಬಿಚ್ಚುವ ಧೈರ್ಯ ಯಾರಿಗಿದೆ? ನಾವು ಕಟ್ಟಿದ್ದರಲ್ಲಿ ಯಾವ ಸುರುಳಿ ಎಲ್ಲಿದೆಯೆಂದು ಕತ್ತಲೆಯಲ್ಲಿಯೂ ಹೇಳಬಲ್ಲೆವು. ಆ ಹಣದಲ್ಲಿ ಬೆಸುಗೆ ಕಡ್ಡಿಗಳೂ ಒಂದೆರಡು ಮಾಪಕಗಳೂ ಒಂದು ಗಟ್ಟಿ ಮೇಜೂ ಬಂದರೆ ಹತ್ತು ಮಕ್ಕಳು ಕಲಿಯುತ್ತಾರೆಂದು ಅವರಲ್ಲಿ ಬಿನ್ನವಿಸಿದ್ದೇವೆ.

ಮಿತ್ರರು ತಮ್ಮ ಕರೆಸಂಕೇತವನ್ನು ಹೇಳಿ ಕರೆದಾಗ ಮೊದಲು ಉತ್ತರಿಸಿದ್ದು ಮೈಸೂರಿನ ಒಂದು ಕೇಂದ್ರ. ಹಗಲು ಹನ್ನೊಂದರ ಸಮಯ. ಎದುರು ಮನೆಯ ಅಂಗಳದಿಂದ ಮಾತಾಡಿದಷ್ಟು ಸ್ಪಷ್ಟ. ಸಂಜೆ ಕವಿಯುತ್ತಿದ್ದಂತೆ ಅದೇ ದನಿ ಕ್ಷೀಣಿಸಿ, ಅದರ ಜಾಗದಲ್ಲಿ ಉತ್ತರ ಭಾರತದ ಹಿಂದಿ ಮಾತುಗಳು ತೇಲಿಬಂದವು. ರಾತ್ರಿ ಅಯಾನುಗೋಲ ತೆಳುವಾದಾಗ ಹತ್ತಿರದವರು ಮರೆಯಾಗಿ ದೂರದವರು ಕೇಳಿಸುವುದು ಹೀಗೆ.

ದೋಷವೊಂದು ಇನ್ನೂ ಉಳಿದಿದೆ. ಮಳೆ ಹಿಡಿದ ದಿನ ತೇವಕ್ಕೋ ಚಳಿಗೋ ಎರಡನೆಯ ಆಂದೋಲಕ ನಿಂತಲ್ಲಿ ನಿಲ್ಲದೆ ಮೆಲ್ಲನೆ ಜಾರುತ್ತದೆ. ಹತ್ತು ನಿಮಿಷಕ್ಕೊಮ್ಮೆ ಗುಂಡಿಯನ್ನು ತುಸು ತಿರುಗಿಸಬೇಕಾಗುತ್ತದೆ. ಸದ್ಯಕ್ಕೆ ಆ ಭಾಗವನ್ನು ಬಿಸ್ಕತ್ತಿನ ತಗಡಿನ ಡಬ್ಬಿಯೊಂದರಲ್ಲಿ ಮುಚ್ಚಿ, ಒಳಗೆ ಸಿಲಿಕಾ ಜೆಲ್ಲಿನ ಪೊಟ್ಟಣವಿಟ್ಟು ನೋಡುತ್ತಿದ್ದೇವೆ.