ಗಂಟಲ ಬೇನೆಯೂ ಹತ್ತು ದಿನಗಳ ಗುಳಿಗೆಯೂ

ಗಂಟಲ ಬೇನೆಯನ್ನು ಅರಿಯದವರು ನಮ್ಮಲ್ಲಿ ಯಾರೂ ಇಲ್ಲ. ಅದು ಬರುವದು, ನಾಲ್ಕಾರು ದಿವಸ ಇರುವದು, ಹೋಗುವದು. ಆದಕಾರಣ ಜನರು ಅದನ್ನು ಅಲ್ಪವೆಂದು ಎಣಿಸುತ್ತಾರೆ. ಹಾಗೆ ಎಣಿಸುವದು ಬಹಳ ಮಟ್ಟಿಗೆ ಸರಿಯೇ. ಯಾಕಂದರೆ ಇಂಥ ಬೇನೆಗಳಲ್ಲಿ ಹೆಚ್ಚಿನವು ನೆಗಡಿಯಂತೆ ವೈರಸ್‌ಗಳಿಂದ ಉಂಟಾಗತಕ್ಕವುಗಳು. ಅವುಗಳಿಗೆ ಆಂಟಿಬಯೋಟಿಕ್ ಔಷಧವನ್ನು ಕೊಟ್ಟರೂ ಪ್ರಯೋಜನವಿಲ್ಲ. ಆದರೆ ಸ್ಟ್ರೆಪ್ಟೊಕೊಕಸ್ ಎಂಬ ಕ್ರಿಮಿಯಿಂದ ಬರುವ ಇನ್ನೊಂದು ಗಂಟಲ ಬೇನೆಯುಂಟು. ಈ ಪಾಠವು ಅದನ್ನು ಕುರಿತದ್ದಾಗಿದೆ.

ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಈ ಕ್ರಿಮಿಗಳು ಪೋಣಿಸಿದ ಮಣಿಗಳ ಸರದಂತೆ ತೋರುವವು. ವಿಶೇಷವಾಗಿ 5ರಿಂದ 15 ವರುಷಗಳ ಮಕ್ಕಳನ್ನು ಈ ರೋಗವು ಹಿಡಿಯುವದು. ಫಕ್ಕನೆ ಜ್ವರ ಏರುವದು. ಉಗುಳನ್ನು ನುಂಗುವದಕ್ಕೂ ಕಷ್ಟವಾಗುವದು. ಗಂಟಲಿನ ಎರಡು ಪಕ್ಕಗಳಲ್ಲಿರುವ ಟಾನ್ಸಿಲ್ ಗಡ್ಡೆಗಳು ಕೆಂಪಾಗಿ ಬಾತು, ಅನೇಕ ಸಾರಿ ಬಿಳೀ ಕೀವಿನ ಚುಕ್ಕೆಗಳು ಕಾಣುವವು. ದವಡೆಯ ಕೆಳಗಿನ ಗಂಟುಗಳನ್ನು ಮುಟ್ಟಿದರೆ ನೋಯುವದು. ಕೆಮ್ಮೂ ಮೂಗು ಸೋರುವದೂ ಸಾಧಾರಣವಾಗಿ ಇರುವದಿಲ್ಲ. ಆದರೂ ಕಣ್ಣಿನಿಂದ ನೋಡಿದ ಮಾತ್ರಕ್ಕೆ ನಿಶ್ಚಯಿಸಲಾಗದು. ವೈದ್ಯರು ಹತ್ತಿ ಸುತ್ತಿದ ಕಡ್ಡಿಯಿಂದ ಗಂಟಲನ್ನು ಒರಸಿ ಪರೀಕ್ಷೆಗೆ ಕಳುಹಿಸುವದು ಇದಕ್ಕಾಗಿಯೇ.

ಈ ಬೇನೆಗೆ ವೈದ್ಯರು ಪೆನಿಸಿಲಿನ್ ಅಥವಾ ಅಮಾಕ್ಸಿಸಿಲಿನ್ ಎಂಬ ಔಷಧವನ್ನು ಸಾಮಾನ್ಯವಾಗಿ 10 ದಿವಸಗಳ ವರೆಗೆ ಬರೆದುಕೊಡುತ್ತಾರೆ. ಇಲ್ಲಿಯೇ ಮನೆಯವರಿಗೆ ಶೋಧನೆಯು ಪ್ರಾರಂಭವಾಗುವದು. ಎರಡು ಮೂರು ದಿವಸಗಳಲ್ಲಿ ಜ್ವರ ಇಳಿಯುವದು; ಹುಡುಗನು ಊಟ ಕೇಳುವನು, ಬೀದಿಗೆ ಓಡುವನು. ಆಗ ತಾಯಿಯು, "ಇನ್ನು ಗುಳಿಗೆ ಯಾಕೆ? ಸುಮ್ಮನೆ ಉಷ್ಣವಾದೀತು" ಎಂದು ಉಳಿದದ್ದನ್ನು ಗೂಡಿನಲ್ಲಿಟ್ಟು, ಮುಂದೆ ಇನ್ನೊಂದು ಮಗುವಿಗೆ ಗಂಟಲು ನೋವು ಬಂದಾಗ ಕೊಡುವಳು. ಹೀಗೆ ಮಾಡಿದರೆ ಇಬ್ಬರು ಮಕ್ಕಳಿಗೂ ಔಷಧವು ಅರೆಯಾಗುವದು.

ಇದರಲ್ಲಿರುವ ತಪ್ಪು ತಿಳುವಳಿಕೆಯನ್ನು ಬಿಡಿಸಿ ನೋಡೋಣ. ಈ ಗಂಟಲ ಬೇನೆಯು ಔಷಧವಿಲ್ಲದಿದ್ದರೂ ಹೆಚ್ಚಾಗಿ ಒಂದು ವಾರದೊಳಗೆ ತಾನಾಗಿಯೇ ಶಾಂತವಾಗುವದು. ಹೀಗಿರಲಾಗಿ, ನೋವು ಹೋದದ್ದು ಕ್ರಿಮಿ ಹೋದದ್ದಕ್ಕೆ ಸಾಕ್ಷಿಯಲ್ಲ. ನೋವನ್ನು ಒಂದೆರಡು ದಿವಸ ಬೇಗ ಕಳೆಯುವದು ಗುಳಿಗೆಯ ಚಿಕ್ಕ ಕೆಲಸ; ಗಂಟಲಲ್ಲಿ ಅಡಗಿರುವ ಕ್ರಿಮಿಗಳನ್ನು ನಿರ್ಮೂಲ ಮಾಡಿ ಹೃದಯವನ್ನು ಕಾಯುವದು ಅದರ ದೊಡ್ಡ ಕೆಲಸ.

ಗಂಟಲಿಗೂ ಹೃದಯಕ್ಕೂ ಏನು ಸಂಬಂಧವೆಂದು ನೀವು ಕೇಳಬಹುದು. ಈ ಕ್ರಿಮಿಯ ಮೈಯ ಕೆಲವು ಅಂಶಗಳು ನಮ್ಮ ಹೃದಯದ ಮಾಂಸವನ್ನು ಹೋಲುತ್ತವೆ. ಕತ್ತಲೆಯಲ್ಲಿ ಕಳ್ಳನನ್ನು ಅಟ್ಟಿಕೊಂಡು ಹೋದ ಕಾವಲುಗಾರನು ಅದೇ ಬಣ್ಣದ ಕಂಬಳಿ ಹೊದ್ದಿರುವ ಮನೆಯ ಮಗನನ್ನೇ ಹೊಡೆಯುವ ಪ್ರಕಾರ, ಶರೀರದ ರಕ್ಷಣಾಶಕ್ತಿಯು ತನ್ನ ಸ್ವಂತ ಅಂಗಗಳ ಮೇಲೆ ಬೀಳುವದು. ಇದು ಎಲ್ಲರಿಗೂ ಆಗುವದಿಲ್ಲ. ಆದರೆ ಆದವರಿಗೆ ಗಂಟಲು ವಾಸಿಯಾದ ಎರಡು ಮೂರು ವಾರಗಳ ತರುವಾಯ ರುಮ್ಯಾಟಿಕ್ ಜ್ವರ ಬರುವದು. ಕೀಲುಗಳು ಬಾತು, ನೋವು ಒಂದು ಕೀಲಿನಿಂದ ಇನ್ನೊಂದಕ್ಕೆ ತಿರುಗುವದು. ಕೀಲು ನೋವು ಹೋಗುವದು. ಆದರೆ ಹೃದಯದ ಕವಾಟಗಳಿಗೆ ತಗಲಿದ ಗಾಯವು ಕೆಲವರಲ್ಲಿ ಜೀವಮಾನವೆಲ್ಲಾ ಉಳಿಯುವದು. ಅಂಥವರು ವರುಷಗಳು ಕಳೆದ ಮೇಲೆ ಗುಡ್ಡ ಹತ್ತಲಾರದೆ, ನೀರಿನ ಕೊಡ ಹೊರಲಾರದೆ ಏದುಸಿರು ಬಿಡುವರು. ಸ್ತ್ರೀಯರಿಗೆ ಗರ್ಭಕಾಲದಲ್ಲಿ ಪ್ರಾಣಾಪಾಯವೂ ಉಂಟು. ನಮ್ಮ ದೇಶದಲ್ಲಿ ಈ ರೋಗವು ಇನ್ನೂ ಅಳಿದುಹೋಗಿಲ್ಲ. ಸಮಾಧಾನದ ಸಂಗತಿ ಏನಂದರೆ, ಬೇನೆ ಹತ್ತಿದ 9 ದಿವಸಗಳೊಳಗೆ ಔಷಧವನ್ನು ಪ್ರಾರಂಭಿಸಿದರೂ ಈ ಜ್ವರವನ್ನು ತಡೆಯಬಹುದು.

ಔಷಧವು ಅರ್ಧದಲ್ಲಿ ನಿಂತರೆ ಏನಾದೀತೆಂಬದಕ್ಕೆ ಪೆನಿಸಿಲಿನ್ನಿನ ಚರಿತ್ರೆಯಲ್ಲಿಯೇ ಒಂದು ದುಃಖದ ದೃಷ್ಟಾಂತವಿದೆ. ಅದು ಗಂಟಲ ಬೇನೆಯದ್ದಲ್ಲ, ಅದಕ್ಕಿಂತ ಬಹು ಘೋರವಾದದ್ದು. 1928ರಲ್ಲಿ ಅಲೆಕ್ಸಾಂಡರ್ ಫ್ಲೆಮಿಂಗ್ ಎಂಬವರು ಲಂಡನಿನಲ್ಲಿ ಬೂಷ್ಟಿನಿಂದ ಕಂಡುಕೊಂಡ ಈ ಪದಾರ್ಥವನ್ನು ಆಕ್ಸ್‌ಫರ್ಡಿನ ವಿದ್ವಾಂಸರು ಶುದ್ಧೀಕರಿಸಿ, 1941ನೇ ಫೆಬ್ರವರಿಯಲ್ಲಿ ಆಲ್ಬರ್ಟ್ ಅಲೆಕ್ಸಾಂಡರ್ ಎಂಬ ಪೊಲೀಸನಿಗೆ ಕೊಟ್ಟರು. ಆತನ ಮುಖವೂ ಕಣ್ಣೂ ಕೀವಿನಿಂದ ತುಂಬಿದ್ದವು. ಒಂದು ದಿವಸದಲ್ಲಿಯೇ ಗುಣ ತೋರಿತು. ಐದು ದಿವಸಗಳಲ್ಲಿ ಔಷಧವು ಮುಗಿಯಿತು. ಆತನ ಮೂತ್ರದಿಂದಲೂ ಅದನ್ನು ಹಿಂದಕ್ಕೆ ತೆಗೆದು ಕೊಟ್ಟಿದ್ದರು, ಆದರೂ ಸಾಲಲಿಲ್ಲ. ರೋಗವು ತಿರಿಗಿ ಬಲಗೊಂಡು ಮಾರ್ಚಿ 15ರಂದು ಆತನು ಸತ್ತನು. ಅಂದು ಲೋಕದಲ್ಲಿ ಔಷಧವೇ ಇರಲಿಲ್ಲ. ಇಂದು ಅದು ನಮ್ಮ ಗೂಡಿನಲ್ಲಿ ಉಳಿದಿರುವದು.

ಗುಳಿಗೆ ನುಂಗುವ ದಿವಸಗಳಲ್ಲಿ ರೋಗಿಗೆ ಮೆತ್ತಗಿನ ಗಂಜಿ, ಅಂಬಲಿ, ಬೇಕಾದಷ್ಟು ನೀರು ಕೊಡಿರಿ. ಬಿಸಿನೀರಿಗೆ ಉಪ್ಪು ಹಾಕಿ ಬಾಯಿ ಮುಕ್ಕಳಿಸುವದರಿಂದ ನೋವು ಸ್ವಲ್ಪ ತಗ್ಗುವದು; ಕ್ರಿಮಿಯು ಸಾಯದು. ಮಕ್ಕಳಿಗೆ ಆಸ್ಪಿರಿನ್ ಕೊಡಬಾರದು. ಮೊದಲನೆಯ ದಿವಸವಾದರೂ ಮಗುವನ್ನು ಶಾಲೆಗೆ ಕಳುಹಿಸದೆ, ಅದರ ಲೋಟವನ್ನು ಪ್ರತ್ಯೇಕಿಸಿರಿ. ಔಷಧ ಪ್ರಾರಂಭಿಸಿ ಒಂದು ದಿವಸ ಕಳೆದರೆ ಸಾಧಾರಣವಾಗಿ ಅಂಟುವ ಭಯವಿಲ್ಲ. ಹತ್ತು ದಿವಸ ಗುಳಿಗೆ ಕೊಡುವದು ನಮ್ಮಿಂದಾಗದೆಂದು ತೋರಿದರೆ ವೈದ್ಯರಿಗೆ ನಾಚದೆ ಹೇಳಿರಿ. ಒಂದೇ ಸಾರಿ ಚುಚ್ಚುವ ಪೆನಿಸಿಲಿನ್ ಸೂಜಿಮದ್ದೂ ಉಂಟು. ಹಿಂದೆ ಈ ಔಷಧದಿಂದ ಮೈಮೇಲೆ ದದ್ದು ಎದ್ದಿದ್ದರೆ ಮುಂಚಿತವಾಗಿಯೇ ತಿಳಿಸಿರಿ. ಬೇರೆ ಔಷಧ ಕೊಡುವರು. ಗುಳಿಗೆ ನುಂಗಿದ ಮೇಲೆ ಮುಖ ಬಾತರೆ, ಉಸಿರು ಕಟ್ಟಿದರೆ, ತಡಮಾಡದೆ ಆಸ್ಪತ್ರೆಗೆ ಓಡಬೇಕು.

ಬೇನೆ ವಾಸಿಯಾದ ಕೆಲವು ವಾರಗಳ ಮೇಲೆ ಮಗುವಿನ ಮೊಣಕಾಲು ಬಾತು ಜ್ವರ ಬಂದರೆ, ಏದುಸಿರು ಕಂಡರೆ, ಅಥವಾ ಕೈಕಾಲುಗಳು ತಮ್ಮಷ್ಟಕ್ಕೆ ಆಡತೊಡಗಿದರೆ, ಅದನ್ನು ಬೆಳೆಯುವ ವಯಸ್ಸಿನ ನೋವೆಂದು ಬಿಡದೆ ವೈದ್ಯರ ಬಳಿಗೆ ಕರಕೊಂಡು ಹೋಗಿ, ಇಂಥ ವಾರದಲ್ಲಿ ಇದಕ್ಕೆ ಗಂಟಲ ಬೇನೆ ಬಂದಿತ್ತು, ಇಷ್ಟು ದಿವಸ ಗುಳಿಗೆ ಕೊಟ್ಟೆವು ಎಂಬದನ್ನು ಅವರಿಗೆ ಹೇಳಿರಿ.